ಗಾಲ್ಫ್ ಆಡುವಾಗ ಗಾಂಜಾ: ಜೊತೆಯವರಿಗೆ ತೊಂದರೆ ಆಗದ ಹಾಗೆ ಹೇಗೆ?

ಮಿಲ್ಟನ್‌ವಾಸಿ

ಎಲ್ಲರಿಗೂ ನಮಸ್ಕಾರ. ಒಂಟಾರಿಯೋದ ಮಿಲ್ಟನ್‌ನಲ್ಲಿ ಇದ್ದೇನೆ, ಬಂದು ಆರು ವರ್ಷ ಆಯ್ತು, ಗಾಲ್ಫ್ ಶುರು ಮಾಡಿ ಇದು ಮೂರನೇ ಬೇಸಿಗೆ. ಸಿಗರೇಟ್ ಮುಟ್ಟುವುದಿಲ್ಲ, ಬಿಯರ್ ಕೂಡ ಅಪರೂಪ. ಆದರೆ ಶನಿವಾರ ಆಡುವಾಗ ಒಂದು ಸಣ್ಣ ಜಾಯಿಂಟ್ ಸೇದುವ ಅಭ್ಯಾಸ ಇದೆ. ಪೂರ್ತಿ ಅಲ್ಲ, ಎರಡು ದಮ್ಮು, ಅಷ್ಟೇ. ವಾರವಿಡೀ ಭುಜದಲ್ಲಿ ಕೂತಿದ್ದ ಬಿಗಿ ಸ್ವಲ್ಪ ಸಡಿಲ ಆಗುತ್ತದೆ. ಇಲ್ಲಿ 2018ರ ಅಕ್ಟೋಬರ್ 17ರಿಂದ ಇದಕ್ಕೆ ಕಾನೂನಿನ ಒಪ್ಪಿಗೆ ಇದೆ, ಒಂಟಾರಿಯೋದಲ್ಲಿ 19 ತುಂಬಿರಬೇಕು. ಹಾಗಾಗಿ ನನ್ನ ಪ್ರಶ್ನೆ ಸೇದಬಹುದೋ ಬಾರದೋ ಅಂತಲ್ಲ. ಜೊತೆಯಲ್ಲಿ ಆಡುವವರ ಮುಂದೆ ಹೇಗೆ ನಡೆದುಕೊಳ್ಳಬೇಕು ಅಂತ.

ಹೋದ ಶನಿವಾರ ಒಬ್ಬನೇ ಹೋಗಿದ್ದೆ. ಸ್ಟಾರ್ಟರ್ (ಆಟಗಾರರನ್ನು ಸರದಿಯಂತೆ ಬಿಡುವವರು) ನನ್ನನ್ನು ಮೂವರ ಜೊತೆ ಸೇರಿಸಿದರು. ಒಬ್ಬ ತಂದೆ, 14 ವರ್ಷದ ಅವರ ಮಗಳು, ಜೊತೆಗೆ ಅಜ್ಜ. ಒಳ್ಳೆಯ ಜನ. ಎರಡನೇ ಹೋಲ್‌ನಲ್ಲಿ ಪೊದೆಗೆ ಹೋದ ನನ್ನ ಚೆಂಡನ್ನು ಅಜ್ಜನೇ ಬಗ್ಗಿ ಹುಡುಕಿ ಕೊಟ್ಟರು. ಐದನೇ ಹೋಲ್‌ನಲ್ಲಿ ಮುಂದಿನ ಗುಂಪು ಇನ್ನೂ ಗ್ರೀನ್ (ಕುಳಿ ಇರುವ ನುಣುಪು ಹುಲ್ಲಿನ ಜಾಗ) ಬಿಟ್ಟಿರಲಿಲ್ಲ, ಕಾಯಬೇಕಿತ್ತು. ನಾನು ಇಪ್ಪತ್ತು ಹೆಜ್ಜೆ ಆಚೆ ಹೋಗಿ ಮೇಪಲ್ ಮರದ ಕೆಳಗೆ ನಿಂತು ಎರಡು ದಮ್ಮು ಎಳೆದೆ. ಇಷ್ಟು ದೂರ ಸಾಕು ಅಂದುಕೊಂಡಿದ್ದೆ. ತಿರುಗಿ ನೋಡಿದರೆ, ಚೆಂಡಿನ ಮುಂದೆ ನಿಂತಿದ್ದ ಹುಡುಗಿ ಹೊಡೆಯದೆ ಹಿಂದೆ ಸರಿದಳು, ಟೀ ಶರ್ಟಿನ ಕಾಲರ್ ಎಳೆದು ಮೂಗಿಗೆ ಹಿಡಿದಳು. ಗಾಳಿ ನನ್ನ ಕಡೆಯಿಂದ ನೇರ ಅವರ ಕಡೆಗೇ ಬೀಸುತ್ತಿತ್ತು. ಯಾರೂ ಒಂದು ಮಾತೂ ಆಡಲಿಲ್ಲ. ಆದರೆ ಅಲ್ಲಿಂದ ಮುಂದೆ "ನೈಸ್ ಶಾಟ್" ಅನ್ನೋದೂ ನಿಂತುಹೋಯಿತು, ಉಳಿದ ಅಷ್ಟೂ ಹೋಲ್ ಹಾಗೇ ಆಡಿದೆವು. ಆಗಲೇ ಸಾರಿ ಕೇಳಬೇಕಿತ್ತು, ಕೇಳಲಿಲ್ಲ. ಇನ್ನೂ ಮನಸ್ಸಿಗೆ ಕೊರೆಯುತ್ತಿದೆ.

ಮುಂದಿನ ತಿಂಗಳು ನಮ್ಮ ಕನ್ನಡದವರೇ ಒಬ್ಬ ಹಿರಿಯರ ಜೊತೆ ಆಡುವುದಿದೆ, ಅವರ ಮಗನೂ ಬರುತ್ತಾನೆ. ಅವರನ್ನು ಮೊದಲೇ ಕೇಳಬೇಕಾ? ಕೇಳದೆ ದೂರ ಹೋಗಿ ಸೇದಿ ಬಂದರೆ ತಪ್ಪಾ? ವೇಪ್ ಅಥವಾ ಗಮ್ಮಿ (ತಿನ್ನುವ ಗಾಂಜಾ ಮಿಠಾಯಿ) ಆದರೆ ಯಾರಿಗೂ ತೊಂದರೆ ಇಲ್ಲ ಅಲ್ವಾ? ಅನುಭವ ಇರುವವರು ದಯವಿಟ್ಟು ಹೇಳಿ.

ರಘು_ಹ್ಯಾಮಿಲ್ಟನ್

ಒಳ್ಳೆ ಪ್ರಶ್ನೆ ಕೇಳಿದ್ದೀರಿ. ನಾನೂ ಸೇದುತ್ತೇನೆ, ಆಡಲು ಶುರು ಮಾಡಿ 12 ವರ್ಷ ಆಯ್ತು, ಹಾಗಾಗಿ ಬಿಡಿಸಿ ಹೇಳುತ್ತೇನೆ.

ಕೇಳಲೇಬೇಕು. ಎಲ್ಲಿ ಕೇಳುತ್ತೀರಿ ಅನ್ನೋದೂ ಅಷ್ಟೇ ಮುಖ್ಯ. ಮೂರನೇ ಹೋಲ್‌ನಲ್ಲಿ ಲೈಟರ್ ಕೈಯಲ್ಲಿ ಹಿಡಿದು "ಪರವಾಗಿಲ್ವಾ?" ಅಂದರೆ ಅದು ಕೇಳಿದ ಹಾಗಲ್ಲ, ಹೇಳಿದ ಹಾಗೆ. ಆಟ ಶುರುವಾಗುವ ಮುಂಚೆ ಪಟಿಂಗ್ ಗ್ರೀನ್ ಹತ್ತಿರ ಎಲ್ಲರೂ ಸುಮ್ನೆ ನಾಲ್ಕು ಚೆಂಡು ಉರುಳಿಸುತ್ತಾ ಇರುತ್ತಾರಲ್ಲ, ಆಗ ಕೇಳಿ. "ನಾನು ಒಮ್ಮೊಮ್ಮೆ ಸ್ವಲ್ಪ ವೀಡ್ ಸೇದುತ್ತೇನೆ, ಇವತ್ತು ಬೇಡ ಅಂದರೆ ಖಂಡಿತ ಬೇಡ, ನನಗೇನೂ ಬೇಜಾರಿಲ್ಲ" ಅಂತ. ಬೇಡ ಅನ್ನುವ ಮಾತನ್ನು ನೀವೇ ಮೊದಲು ಬಾಯಲ್ಲಿ ತಂದರೆ ಅವರಿಗೆ ಹೇಳೋದು ಸುಲಭ.

ಎರಡನೆಯದು ಗಾಳಿ. ಹೊಡೆಯುವ ಮುಂಚೆ ಒಂದು ಚಿಟಿಕೆ ಹುಲ್ಲು ಕಿತ್ತು ಗಾಳಿಗೆ ಬಿಟ್ಟು ನೋಡುತ್ತೀರಲ್ವಾ? ಸೇದುವ ಮುಂಚೆಯೂ ಅದನ್ನೇ ಮಾಡಿ. ಹುಲ್ಲು ಜನರ ಕಡೆ ಹಾರಿದರೆ ನೀವು ಸುತ್ತು ಹೊಡೆದು ಇನ್ನೊಂದು ಬದಿಗೆ ಹೋಗಬೇಕು, ಇಲ್ಲವೇ ಜೇಬಿಗೆ ವಾಪಸ್ ಇಡಬೇಕು. ಗಾಂಜಾದ ಘಾಟು ಸಿಗರೇಟಿನ ಹಾಗಲ್ಲ, ಬಯಲಿನಲ್ಲೂ ಎಳೆದುಕೊಂಡು ಹೋಗುತ್ತದೆ. ಇಪ್ಪತ್ತು ಹೆಜ್ಜೆ ಏನೂ ಅಲ್ಲ. ಪಕ್ಕದ ಫೇರ್‌ವೇಯಲ್ಲಿ (ಆಡುವ ಹಾದಿಯಲ್ಲಿ) ಇನ್ನೊಂದು ಗುಂಪು ಇರುತ್ತದೆ ಅನ್ನೋದೂ ನೆನಪಿರಲಿ, ಅವರನ್ನು ಯಾರೂ ಕೇಳಿಲ್ಲ.

ಟೀ (ಮೊದಲ ಹೊಡೆತ ಹೊಡೆಯುವ ಜಾಗ) ಮೇಲೆ ಬೇಡ, ಗ್ರೀನ್ ಮೇಲೆ ಬೇಡ, ಯಾರಾದರೂ ಹೊಡೆಯಲು ನಿಂತಾಗ ಬೇಡವೇ ಬೇಡ. ಕಾರ್ಟಿನಲ್ಲಿ ಕೂತು ಸೇದಬೇಡಿ, ಆ ಸೀಟಿನ ವಾಸನೆಯಲ್ಲಿ ಮಧ್ಯಾಹ್ನ ಇನ್ಯಾರೋ ಕೂರುತ್ತಾರೆ. ಕ್ಲಬ್‌ಹೌಸ್ ಪ್ಯಾಟಿಯೋದಲ್ಲಂತೂ ಕಾನೂನೇ ಬಿಡುವುದಿಲ್ಲ, ಒಂಟಾರಿಯೋದಲ್ಲಿ ರೆಸ್ಟೋರೆಂಟ್ ಪ್ಯಾಟಿಯೋದಿಂದ 9 ಮೀಟರ್ ಒಳಗೆ ಸೇದುವ ಹಾಗಿಲ್ಲ. ಮತ್ತೆ ಪ್ರತಿ ಕೋರ್ಸಿಗೂ ಅದರದೇ ನಿಯಮ ಇರುತ್ತದೆ. ಬುಕ್ ಮಾಡುವಾಗ ಪ್ರೊ ಶಾಪಿಗೆ (ಕೋರ್ಸಿನ ಅಂಗಡಿಗೆ) ಫೋನ್ ಮಾಡಿ ಕೇಳಿಬಿಡಿ, ಅವರಿಗೆ ಇದು ದಿನಾ ಬರುವ ಪ್ರಶ್ನೆ.

ಇನ್ನೊಂದು ವಿಷಯ, ಇದನ್ನು ಜಾಸ್ತಿ ಜನ ಮರೆಯುತ್ತಾರೆ. ಆಟದ ವೇಗ. 2019ರಲ್ಲಿ ನಿಯಮ ಬದಲಾದ ಮೇಲೆ ಕಳೆದ ಚೆಂಡು ಹುಡುಕಲು ಇರುವುದೇ 3 ನಿಮಿಷ, ಮೊದಲು 5 ಇತ್ತು. ಒಂದು ಹೊಡೆತಕ್ಕೆ 40 ಸೆಕೆಂಡಿಗಿಂತ ಜಾಸ್ತಿ ತೆಗೆದುಕೊಳ್ಳಬೇಡಿ ಅಂತಲೂ ಬರೆದಿದ್ದಾರೆ. ಅಂಥ ಆಟದಲ್ಲಿ ನಿಮ್ಮ ದಮ್ಮಿಗಾಗಿ ನಾಲ್ಕು ಜನ ಕಾಯಬಾರದು. ನಿಮ್ಮ ಸರದಿ ಬಂದಾಗ ನೀವು ಕ್ಲಬ್ ಹಿಡಿದು ರೆಡಿ ಇರಬೇಕು.

ಸಂಜೆಯ_ಒಂಬತ್ತು

ನಾನು ಸೇದುವವಳಲ್ಲ. ಮಿಸ್ಸಿಸಾಗಾದಲ್ಲಿ ಇದ್ದೇನೆ, 58 ವಯಸ್ಸು, ಆಸ್ತಮಾ ಇದೆ, ಬ್ಯಾಗಿನ ಮೇಲಿನ ಜೇಬಿನಲ್ಲಿ ಚೆಂಡಿನ ಜೊತೆ ಇನ್‌ಹೇಲರ್ ಇರುತ್ತದೆ. ಯಜಮಾನರ ಜೊತೆ ಸಂಜೆ 9 ಹೋಲ್ ಆಡುತ್ತೇನೆ. ಎದುರು ಬದಿಯವರ ಮಾತೂ ಕೇಳಲಿ ಅಂತ ಬರೆಯುತ್ತಿದ್ದೇನೆ.

ರಘು ಅವರು ಕೇಳಿ ಅಂದರು, ಸರಿ. ಆದರೆ ನಮ್ಮವರನ್ನು ಕೇಳಿದರೆ ಏನು ಉತ್ತರ ಬರುತ್ತದೆ ಹೇಳಿ? "ಅಯ್ಯೋ, ಪರವಾಗಿಲ್ಲ ಬಿಡಿ." ನಾನೂ ಅದನ್ನೇ ಹೇಳಿದ್ದೇನೆ, ಎಷ್ಟೋ ಸಲ. ಮುಖದ ಮೇಲೆ ಬೇಡ ಅನ್ನಲು ನಮಗೆ ನಾಲಿಗೆ ಏಳುವುದಿಲ್ಲ. ಒಂದು ಸಲ ಹಾಗೆ ಹೇಳಿ, ಏಳನೇ ಹೋಲ್‌ನಲ್ಲಿ ಎದೆ ಬಿಗಿದು, ಬಂಕರ್ (ಮರಳು ಗುಂಡಿ) ಪಕ್ಕ ಕೂತು ಇನ್‌ಹೇಲರ್‌ನಿಂದ ಎರಡು ಸಲ ಪಫ್ ತೆಗೆದುಕೊಂಡೆ. ಸೇದಿದ ಹುಡುಗನಿಗೆ ಗೊತ್ತೇ ಆಗಲಿಲ್ಲ, ನಾನು ಸುಸ್ತಾಗಿ ಕೂತಿದ್ದೇನೆ ಅಂದುಕೊಂಡು ನೀರು ತಂದುಕೊಟ್ಟ. ಒಳ್ಳೆಯ ಹುಡುಗ. ಅವನ ಮೇಲೆ ನನಗೆ ಕೋಪ ಇಲ್ಲ. ಆದರೆ ಆವತ್ತಿನ ಆಟ ಅಲ್ಲಿಗೇ ಮುಗಿಯಿತು.

ಅದಕ್ಕೇ ಹೇಳುತ್ತೇನೆ, "ಪರವಾಗಿಲ್ಲ" ಅನ್ನೋದನ್ನು ಹೂಂ ಅಂತ ಲೆಕ್ಕ ಹಾಕಬೇಡಿ. "ಅದಕ್ಕೇನಂತೆ, ಸೇದಿ, ನನಗೂ ಅಭ್ಯಾಸ ಇತ್ತು" ಅಂತ ನಗುತ್ತಾ ಹೇಳಿದರೆ ಅದು ಹೂಂ. ಒಂದು ಕ್ಷಣ ತಡೆದು, ಪಕ್ಕದವರ ಮುಖ ನೋಡಿ, ಆಮೇಲೆ ಪರವಾಗಿಲ್ಲ ಅಂದರೆ ಅದು ಬೇಡ ಅಂತಲೇ. ಇನ್ನು ಆ ಹಿರಿಯರನ್ನು ಮಗನ ಎದುರಿಗೆ ಕೇಳಲೇಬೇಡಿ. ಹೂಂ ಅಂದರೆ ಮಗನ ಮುಂದೆ ಹೂಂ ಅಂದ ಹಾಗೆ, ಬೇಡ ಅಂದರೆ ನಿಮ್ಮ ಮನಸ್ಸು ನೋಯಿಸಿದ ಹಾಗೆ. ಅವರನ್ನು ಯಾಕೆ ಆ ಇಕ್ಕಟ್ಟಿಗೆ ಸಿಕ್ಕಿಸಬೇಕು? ಮಕ್ಕಳು ಜೊತೆಗಿರುವ ದಿನ ಮನೆಯಲ್ಲೇ ಬಿಟ್ಟು ಬನ್ನಿ. ನಾಲ್ಕೂವರೆ ಗಂಟೆ ತಾನೇ.

ಆ ಹುಡುಗಿಯ ವಿಷಯ ನಿಮಗೆ ಕೊರೆಯುತ್ತಿದೆ ಅಂದಿದ್ದು ಓದಿ ನನಗೆ ಸಮಾಧಾನ ಆಯ್ತು. ಅದೇ ಕೋರ್ಸಿನಲ್ಲಿ ಮತ್ತೆ ಸಿಕ್ಕರೆ ಹೇಳಿಬಿಡಿ, ಎರಡು ಮಾತು ಸಾಕು.

ಕಿಚನರ್_ಕಿಟ್ಟಿ

ಗಮ್ಮಿ ಆದರೆ ತೊಂದರೆ ಇಲ್ಲ ಅಲ್ವಾ ಅಂತ ಕೇಳಿದ್ದೀರಲ್ಲ, ಅದಕ್ಕೆ ಉತ್ತರ. ವಾಸನೆ ಇಲ್ಲ, ಹೊಗೆ ಇಲ್ಲ, ಅದು ನಿಜ. ಆದರೆ ತೊಂದರೆ ಬೇರೆ ಕಡೆಯಿಂದ ಬರುತ್ತದೆ.

ಸೇದಿದರೆ ಕೆಲವೇ ನಿಮಿಷದಲ್ಲಿ ಗೊತ್ತಾಗುತ್ತದೆ. ತಿಂದರೆ ಅರ್ಧ ಗಂಟೆಯಿಂದ ಎರಡು ಗಂಟೆ ಹಿಡಿಯುತ್ತದೆ. ಕೆನಡಾದಲ್ಲಿ ಒಂದು ಪ್ಯಾಕೆಟ್‌ನಲ್ಲಿ ಹೆಚ್ಚೆಂದರೆ 10 ಮಿಲಿಗ್ರಾಂ ಟಿಎಚ್‌ಸಿ (ಅಮಲು ತರುವ ಅಂಶ) ಇರಬಹುದು, ಹೊಸಬರಿಗೆ ಅದರ ಕಾಲು ಭಾಗವೇ ಸಾಕು. ನಾನು ಎರಡು ವರ್ಷದ ಹಿಂದೆ ಮೊದಲ ಟೀ ಹತ್ತಿರ ಪೂರ್ತಿ 10 ತಿಂದೆ. ನಾಲ್ಕನೇ ಹೋಲ್ ಮುಗಿದರೂ ಏನೂ ಅನ್ನಿಸಲಿಲ್ಲ, ಕೆಲಸ ಮಾಡಲಿಲ್ಲ ಅಂದುಕೊಂಡು ಇನ್ನೊಂದು ಪ್ಯಾಕೆಟ್ ಒಡೆದೆ. ಎಂಟನೇ ಗ್ರೀನ್‌ನಲ್ಲಿ ಎರಡೂ ಒಟ್ಟಿಗೆ ಹತ್ತಿದವು. ಎರಡು ಅಡಿ ಪಟ್ ಮುಂದೆ ನಿಂತಿದ್ದೇನೆ, ಬಿಳಿ ಚೆಂಡಿನ ಮೇಲಿನ ಕಪ್ಪು ಗೆರೆ ಒಂದು ಕಡೆ ನಿಲ್ಲುತ್ತಿಲ್ಲ, ನನ್ನ ಎದೆ ಬಡಿತ ನನಗೇ ಕೇಳಿಸುತ್ತಿದೆ, ಎಷ್ಟು ಹೊತ್ತಿನಿಂದ ನಿಂತಿದ್ದೇನೆ ಅನ್ನೋದೂ ಗೊತ್ತಿಲ್ಲ. ಹಿಂದಿನ ಗುಂಪು ಸೊಂಟಕ್ಕೆ ಕೈ ಕೊಟ್ಟು ಕಾಯುತ್ತಿತ್ತು. ನನ್ನ ಗೆಳೆಯ ಅವರಿಗೆ ಕೈ ಬೀಸಿ ಮುಂದೆ ಬಿಟ್ಟು, ತನ್ನ ಆಟವನ್ನೂ ಅರ್ಧಕ್ಕೇ ನಿಲ್ಲಿಸಿ, ನನ್ನನ್ನು ಮನೆಗೆ ಕರೆದುಕೊಂಡು ಹೋದ. ಅವನ ದುಡ್ಡು, ಅವನ ಭಾನುವಾರ, ಎರಡೂ ನನ್ನಿಂದ ಹಾಳಾಯಿತು.

ಹಾಗಾಗಿ ಗಮ್ಮಿ ತಿಂದರೂ ಜೊತೆಯವರಿಗೆ ಒಂದು ಮಾತು ಹೇಳಿಡಿ. ಎರಡನೆಯದನ್ನು ಕೋರ್ಸಿಗೆ ತರಲೇಬೇಡಿ. ಮತ್ತೆ ನೋಡಲು ಮಿಠಾಯಿ ಥರ ಇರುತ್ತದೆ, ಕಾರ್ಟಿನ ತಟ್ಟೆಯಲ್ಲಿ ಚಿಪ್ಸ್ ಪಕ್ಕ ಬಿಟ್ಟರೆ ಯಾರ ಮಗುವಾದರೂ ಬಾಯಿಗೆ ಹಾಕಿಕೊಳ್ಳುತ್ತದೆ.

ಜಿ2_ಕನ್ನಡಿಗ

ಮನೆಗೆ ಕರೆದುಕೊಂಡು ಹೋದ ಅಂದಿದ್ದು ನೋಡಿ ಬರೆಯುತ್ತಿದ್ದೇನೆ. ವಾಪಸ್ ಯಾರು ಓಡಿಸುತ್ತಾರೆ ಅನ್ನೋದನ್ನು ಮನೆ ಬಿಡುವ ಮುಂಚೆಯೇ ತೀರ್ಮಾನ ಮಾಡಿ. ಜಿ1, ಜಿ2 ಲೈಸೆನ್ಸ್ (ಹೊಸ ಚಾಲಕರ ಮೊದಲ ಎರಡು ಹಂತ) ಇರುವವರು ಓಡಿಸುವಾಗ ಒಂಟಾರಿಯೋದಲ್ಲಿ ಮೈಯಲ್ಲಿ ಗಾಂಜಾ ಒಂದು ಚೂರೂ ಇರುವ ಹಾಗಿಲ್ಲ. ಪೂರ್ತಿ ಲೈಸೆನ್ಸ್ ಇದ್ದರೂ, ಓಡಿಸಿದ ಎರಡು ಗಂಟೆಯೊಳಗೆ ಒಂದು ಮಿಲಿಲೀಟರ್ ರಕ್ತದಲ್ಲಿ 2 ನ್ಯಾನೋಗ್ರಾಂ ಟಿಎಚ್‌ಸಿ ಸಿಕ್ಕರೆ ಅಪರಾಧ, 5 ಆದರೆ ಇನ್ನೂ ದೊಡ್ಡದು. ಬಿಯರ್ ಜೊತೆ ಸೇರಿದರೆ ಅದಕ್ಕೆ ಬೇರೆ ಮಿತಿ ಇದೆ. ಗಾಲ್ಫ್ ಕಾರ್ಟ್ ಕೂಡ ಕ್ರಿಮಿನಲ್ ಕೋಡ್ ಲೆಕ್ಕದಲ್ಲಿ ಮೋಟಾರ್ ವಾಹನವೇ.

ಪಿಆರ್ (ಕಾಯಂ ವಾಸದ ಹಕ್ಕು) ಇರುವವರು ಇನ್ನೂ ಹುಷಾರಾಗಿರಬೇಕು. 2018ರ ಡಿಸೆಂಬರ್‌ನಲ್ಲಿ ಅಮಲಿನಲ್ಲಿ ಓಡಿಸಿದ್ದಕ್ಕೆ ಗರಿಷ್ಠ ಶಿಕ್ಷೆ 10 ವರ್ಷಕ್ಕೆ ಏರಿತು. ಅದರಿಂದ ಇದು ಇಮಿಗ್ರೇಷನ್ ಕಣ್ಣಿನಲ್ಲಿ ಗಂಭೀರ ಅಪರಾಧ ಆಯ್ತು, ಪಿಆರ್ ಕಳೆದುಕೊಳ್ಳುವವರೆಗೂ ಹೋಗಬಹುದು.

ಫ್ರೀಮಾಂಟ್_ಗೌಡ

ಅಮೆರಿಕದಲ್ಲಿ ಇರುವವರು ಇದನ್ನು ಓದಿ ನಮಗೂ ಅನ್ವಯ ಅಂದುಕೊಳ್ಳಬೇಡಿ. ಕ್ಯಾಲಿಫೋರ್ನಿಯಾದಲ್ಲಿ 2016ರಲ್ಲಿ ಜನಮತದಿಂದ ಬಂದ ಪ್ರಾಪೊಸಿಷನ್ 64 ಕಾನೂನಿನಿಂದ 21 ತುಂಬಿದವರು ಇಟ್ಟುಕೊಳ್ಳಬಹುದು, ಆದರೆ ಸಾರ್ವಜನಿಕ ಜಾಗದಲ್ಲಿ ಸೇದುವ ಹಾಗಿಲ್ಲ, 100 ಡಾಲರ್ ದಂಡ. ಅದು ಸಣ್ಣದು. ದೊಡ್ಡದು ಏನೆಂದರೆ ಫೆಡರಲ್ ಕಾನೂನಿನಲ್ಲಿ ಇನ್ನೂ ನಿಷೇಧ ಇದೆ, ಇಮಿಗ್ರೇಷನ್ ನೋಡುವುದು ಆ ಕಾನೂನನ್ನೇ. ಎಚ್-1ಬಿ, ಗ್ರೀನ್ ಕಾರ್ಡ್ ಇರುವವರು ಕೇಸೇ ಇಲ್ಲದಿದ್ದರೂ ಸೇದಿದ್ದೇನೆ ಅಂತ ಅಧಿಕಾರಿಯ ಮುಂದೆ ಒಪ್ಪಿಕೊಂಡರೆ ಸಾಕು, ತೊಂದರೆ ಶುರು. ಸಿಟಿಜನ್‌ಶಿಪ್ ಅರ್ಜಿಗೂ ಇದು ಅಡ್ಡ ಬರಬಹುದು ಅಂತ 2019ರಲ್ಲಿ ಯುಎಸ್‌ಸಿಐಎಸ್ (ಅಮೆರಿಕದ ಇಮಿಗ್ರೇಷನ್ ಇಲಾಖೆ) ಬರೆದೇ ಹೇಳಿದೆ. ಹಾಗಾಗಿ ನಾನು ಮುಟ್ಟುವುದಿಲ್ಲ, ಜೊತೆಯವರಿಗೂ ಅದನ್ನೇ ಹೇಳುತ್ತೇನೆ.

ಕೆನಡಾದವರಿಗೆ ಒಂದು ಕಿವಿಮಾತು. ನೀವು ಅದೇ ಗಾಲ್ಫ್ ಬ್ಯಾಗ್ ಎತ್ತಿಕೊಂಡು ಚಳಿಗಾಲದಲ್ಲಿ ಫ್ಲೋರಿಡಾಕ್ಕೆ ಬರುತ್ತೀರಿ, ರಜೆಗೆ ಬೆಂಗಳೂರಿಗೂ ಒಯ್ಯುತ್ತೀರಿ. ಆ ಬ್ಯಾಗಿಗೆ ಹತ್ತು ಜೇಬು. ಮಳೆ ಅಂಗಿಯ ಕೆಳಗೆ ಮರೆತುಹೋದ ಅರ್ಧ ಜಾಯಿಂಟ್ ಗಡಿಯಲ್ಲಿ ಸಿಕ್ಕರೆ ಯಾರೂ ನಿಮ್ಮ ಕಥೆ ಕೇಳುವುದಿಲ್ಲ. ಊರಿನಲ್ಲಂತೂ ಮಾದಕ ವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆ ಇದೆ. ಹೊರಡುವ ಹಿಂದಿನ ದಿನ ಬ್ಯಾಗನ್ನು ತಲೆಕೆಳಗು ಮಾಡಿ ಕೊಡವಿ.

ಮಿಲ್ಟನ್‌ವಾಸಿ

ಎಲ್ಲರಿಗೂ ಮನಸಾರೆ ಥ್ಯಾಂಕ್ಸ್. ಆಂಟಿ, ನಿಮ್ಮ "ಪರವಾಗಿಲ್ಲ" ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ನಾನೂ ಎಷ್ಟೋ ಜನರ ಬಾಯಲ್ಲಿ ಅದನ್ನು ಕೇಳಿ ಲೈಟರ್ ಹಚ್ಚಿದ್ದೇನೆ. ಆ ಹಿರಿಯರ ಜೊತೆ ಆಡುವ ದಿನ ಒಯ್ಯುವುದಿಲ್ಲ, ಕೇಳುವುದೂ ಇಲ್ಲ. ಶನಿವಾರದ ಕೋರ್ಸಿನ ಪ್ರೊ ಶಾಪಿಗೆ ಇವತ್ತು ಫೋನ್ ಮಾಡಿದೆ. ಜೊತೆಯವರ ಒಪ್ಪಿಗೆ ಇರಲಿ, ಜೂನಿಯರ್ ಆಟಗಾರರ ಹತ್ತಿರ ಬೇಡ, ತುಂಡು ನೆಲಕ್ಕೆ ಎಸೆಯಬೇಡಿ ಅಂದರು. ಇನ್ನು ಮೇಲೆ ಹೆಂಡತಿಯೇ ಬಂದು ಕರೆದುಕೊಂಡು ಹೋಗುತ್ತಾಳೆ ಅಂತ ಮಾತಾಗಿದೆ.

ಕೊನೆಯದಾಗಿ ಒಂದು. ಉಳಿದ ತುಂಡನ್ನು ವಾಸನೆ ಬರದ ಹಾಗೆ ಯಾವುದರಲ್ಲಿ ಇಡುತ್ತೀರಿ? ನನ್ನ ಬ್ಯಾಗ್ ಪೂರ್ತಿ ಘಾಟು ಹಿಡಿದಿದೆ.

ರಘು_ಹ್ಯಾಮಿಲ್ಟನ್

ಅಂಗಡಿಯಲ್ಲಿ ಜಾಯಿಂಟ್ ಬರುವ ಆ ಪ್ಲಾಸ್ಟಿಕ್ ಕೊಳವೆಯನ್ನೇ ಎಸೆಯದೆ ಇಟ್ಟುಕೊಳ್ಳಿ. ಮುಚ್ಚಳ ಬಿಗಿಯಾಗಿರುತ್ತದೆ, ಮಕ್ಕಳಿಗೆ ತೆಗೆಯಲು ಬರುವುದಿಲ್ಲ. ಹಾಕುವ ಮುಂಚೆ ತುದಿಗೆ ಎರಡು ಹನಿ ನೀರು ಬಿಟ್ಟು ಪೂರ್ತಿ ಆರಿದೆಯಾ ನೋಡಿ, ಜುಲೈ, ಆಗಸ್ಟ್‌ನಲ್ಲಿ ರಫ್ (ಆಡುವ ಹಾದಿಯ ಅಂಚಿನ ಉದ್ದ) ಹುಲ್ಲು ಒಣಗಿ ತರಗಾಗಿರುತ್ತದೆ. ಬ್ಯಾಗನ್ನು ಎರಡು ದಿನ ಬಾಲ್ಕನಿಯಲ್ಲಿ ಬಿಸಿಲಿಗೆ ಬಿಚ್ಚಿಡಿ.