ಅಜ್ಜನ ಬೆಳ್ಳಿ ರೂಪಾಯಿ: ತೂಕಕ್ಕೆ ಕೊಡುವುದಾ, ಬೇಡವಾ?

ಪೆರ್ಲದ ಹುಡುಗ:
ಅಜ್ಜ ತೀರಿಕೊಂಡ ಮೇಲೆ ಅಟ್ಟದ ಪೆಟ್ಟಿಗೆಯಲ್ಲಿ ಒಂದು ಗಂಟು ಬೆಳ್ಳಿ ರೂಪಾಯಿ ಸಿಕ್ಕಿತು. ವಿಕ್ಟೋರಿಯಾ ರಾಣಿ, ಐದನೇ ಜಾರ್ಜ್, ಮತ್ತೆ 1944, 45ರವು. ಎಲ್ಲ ಕಪ್ಪಾಗಿವೆ, ಕೆಲವಕ್ಕೆ ಸರಕ್ಕೆ ಪೋಣಿಸುವ ಕೊಂಡಿ ಬೆಸೆದಿದ್ದಾರೆ. ಅಪ್ಪ, ಚಿಕ್ಕಪ್ಪ, ಅತ್ತೆ ಮೂವರಿಗೆ ಪಾಲಾಗಬೇಕು. ಪೇಟೆಯ ಅಂಗಡಿಯವರು ಒಟ್ಟಿಗೆ ತೂಗಿ ತೆಗೆದುಕೊಳ್ಳುತ್ತೇನೆ ಅಂತಾರೆ. ಚಿಕ್ಕಪ್ಪ ಯೂಟ್ಯೂಬ್ ನೋಡಿ ಒಂದೊಂದಕ್ಕೆ ಲಕ್ಷ ಬರುತ್ತದೆ ಅಂತ ಕೂತಿದ್ದಾರೆ. ಹುಣಸೆಹುಳಿ ಹಾಕಿ ತೊಳೆದರೆ ರೇಟು ಜಾಸ್ತಿ ಸಿಗುತ್ತದಾ?

ಕುಂಬಳೆ ಭಟ್ರು:
ತೊಳೆಯಬೇಡಿ ಮಾರಾಯ್ರೇ! ಹುಳಿ, ವಿಭೂತಿ, ಟೂತ್‌ಪೇಸ್ಟ್ ಯಾವುದರಲ್ಲಿ ತಿಕ್ಕಿದರೂ ಸಣ್ಣ ಸಣ್ಣ ಗೆರೆ ಬೀಳುತ್ತದೆ, ಸಂಗ್ರಹ ಮಾಡುವವರು ಅದನ್ನು ನೋಡಿದ ಕೂಡಲೇ ರೇಟು ಇಳಿಸುತ್ತಾರೆ. ಅಂಚು ಹಿಡಿದು ಎತ್ತಿ. ರಬ್ಬರ್ ಬ್ಯಾಂಡ್ ಬೇಡ, ಅದರ ಗಂಧಕಕ್ಕೆ ಬೆಳ್ಳಿ ಇನ್ನೂ ಕಪ್ಪಾಗುತ್ತದೆ. ಮೆತ್ತನೆ ಪಿವಿಸಿ ಕವರೂ ಆಗದು, ಹಸಿರು ಅಂಟು ಬಿಡುತ್ತದೆ.
ಮೊದಲು ಇಸವಿ ನೋಡಿ ಬೇರೆ ಮಾಡಿ. ವಿಕ್ಟೋರಿಯಾ, ಐದನೇ ಜಾರ್ಜ್ ಕಾಲದ ರೂಪಾಯಿ 11.66 ಗ್ರಾಂ, ಅದರಲ್ಲಿ 91.7% ಬೆಳ್ಳಿ. ಅಂದರೆ ಸುಮಾರು 10.69 ಗ್ರಾಂ, ಸವೆದಿದ್ದರೆ ಸ್ವಲ್ಪ ಕಡಿಮೆ. 1940ರಿಂದ 45ರವೂ ಅಷ್ಟೇ ತೂಕ, ಆದರೆ ಬೆಳ್ಳಿ ಅರ್ಧ ಮಾತ್ರ. ಅಂಚಿನ ಗೀರುಗಳ ನಡುವೆ ಸುತ್ತ ಒಂದು ತೋಡು ಕಾಣುತ್ತದೆ, ಬೆರಳಿಗೂ ಗೊತ್ತಾಗುತ್ತದೆ. ಒಟ್ಟಿಗೆ ತೂಗಿದರೆ ನಷ್ಟ ಯಾರಿಗೆ ಅಂತ ನೀವೇ ಲೆಕ್ಕ ಹಾಕಿ.

ಚಿಲ್ಲರೆ ಹುಚ್ಚ:
ವಿಕ್ಟೋರಿಯಾ ಅಂದ ಕೂಡಲೇ ಅಪರೂಪ ಅಲ್ಲ. 1862 ಅಂತ ಇರುವುದನ್ನು ಇಸವಿ ಬದಲಿಸದೆ 1874ರ ತನಕ ಹೊಡೆದಿದ್ದಾರೆ, ರಾಶಿ ಉಂಟು. 1911ರದ್ದು ಸಿಕ್ಕಿದರೆ ಬೇರೆ ಇಡಿ. ರಾಜನ ನಿಲುವಂಗಿಯ ಮೇಲಿನ ಆನೆ ಹಂದಿಯ ಹಾಗೆ ಕಾಣುತ್ತದೆ ಅಂತ ಗಲಾಟೆಯಾಗಿ ಮುಂದಿನ ವರ್ಷ ಚಿತ್ರ ತಿದ್ದಿದರು. 1939ರ ರೂಪಾಯಿಗೆ ನಿಜವಾಗಿ ಬೆಲೆ ಉಂಟು, ಅದಕ್ಕೇ ನಕಲಿಯೂ ಜಾಸ್ತಿ.
ಚಿಕ್ಕಪ್ಪನಿಗೆ ಹೇಳಿ, ಲಕ್ಷ ಕೊಡುತ್ತೇವೆ, ಮೊದಲು ಫೀಸ್ ಕಟ್ಟಿ ಅನ್ನುವವರೆಲ್ಲ ಕಳ್ಳರು. ನಮಗೂ ಇದಕ್ಕೂ ಸಂಬಂಧ ಇಲ್ಲ ಅಂತ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿತ್ತು.

ಮಂಜೇಶ್ವರದಕ್ಕ:
ಪಾಲು ಮಾಡುವಾಗ ಸಾಮಾನ್ಯ ನಾಣ್ಯಗಳನ್ನು ಜಾತಿ ಜಾತಿಯಾಗಿ ಎಣಿಸಿ ಹಂಚಿ. ಅಪರೂಪದವಕ್ಕೆ ಹರಾಜಿನಲ್ಲಿ ನಿಜವಾಗಿ ಮಾರಾಟವಾದ ಬೆಲೆ ಹುಡುಕಿ, ಮಾರುವವರು ಬರೆದುಕೊಂಡ ಬೆಲೆ ನೋಡಬೇಡಿ. ಅಪ್ಪ ಮೂರು ಪಾಲು ಮಾಡಲಿ, ಉಳಿದಿಬ್ಬರು ಮೊದಲು ಆರಿಸಲಿ, ಜಗಳವೇ ಇಲ್ಲ. ಕೊಂಡಿ ಹಾಕಿದ್ದಕ್ಕೆ ಬೆಳ್ಳಿ ಬೆಲೆಯೇ ಗತಿ, ಅತ್ತೆಗೆ ಸರ ಮಾಡಿಸುವ ಮನಸ್ಸಿದ್ದರೆ ಕೊಡಿ. ಗಲ್ಫಿನವರ ಕೈಯಲ್ಲಿ ಕಳಿಸುವ ಯೋಚನೆ ಮಾತ್ರ ಬೇಡ. 100 ವರ್ಷ ದಾಟಿದ್ದನ್ನು ದೇಶದ ಹೊರಗೆ ಒಯ್ಯಲು 1972ರ ಕಾನೂನು ಬಿಡುವುದಿಲ್ಲ.

ಪೆರ್ಲದ ಹುಡುಗ:
1911ರದ್ದು ಎರಡು ಉಂಟು! ಹಗಲು ಬೆಳಕಿನಲ್ಲಿ ಫೋಟೊ ತೆಗೆದು ನಾಳೆ ಹಾಕುತ್ತೇನೆ, ಆನೆಯಾ ಹಂದಿಯಾ ನೀವೇ ಹೇಳಿ.