ತೂರ್ ಪಟ್ಟಣದ ಪ್ರವಾದನೆ: ಸೃಷ್ಟಿಕರ್ತನಿದ್ದಾನೆ ಎನ್ನುವುದಕ್ಕೆ ಇದು ಸಾಕ್ಷಿಯಾಗುತ್ತದೆಯೇ?

ಪ್ರಶ್ನೆ (ಕಡಲದಂಡೆ):
ಪ್ರವಾದನೆಗಳು ನೆರವೇರಿವೆ, ಆದ್ದರಿಂದ ಸೃಷ್ಟಿಕರ್ತನಿದ್ದಾನೆ ಎಂದು ವಾದಿಸುವವರು ಹೆಚ್ಚಾಗಿ ಎತ್ತಿಕೊಳ್ಳುವುದು ಬೈಬಲಿನ ಯೆಹೆಜ್ಕೇಲ ಪುಸ್ತಕದ 26ನೇ ಅಧ್ಯಾಯ, ಫಿನೀಷ್ಯದ (ಈಗಿನ ಲೆಬನಾನಿನ ಕರಾವಳಿ) ತೂರ್ ಪಟ್ಟಣದ ನಾಶ. ಕರಪತ್ರಗಳ ಲೆಕ್ಕ ಗೊತ್ತೇ ಇದೆ: ಬಾಬೆಲಿನ (ಬ್ಯಾಬಿಲೋನ್) ಅರಸ ನೆಬೂಕದ್ನೆಚ್ಚರ ಮುತ್ತುತ್ತಾನೆ, ಅನೇಕ ಜನಾಂಗಗಳು ಮೇಲೆ ಬೀಳುತ್ತವೆ, ಕಲ್ಲು ಮರ ಮಣ್ಣು ನೀರುಪಾಲಾಗುತ್ತವೆ, ಪಟ್ಟಣ ಬೋಳು ಬಂಡೆಯಾಗಿ ಬಲೆ ಹರಡುವ ಜಾಗವಾಗುತ್ತದೆ, ಮತ್ತೆ ಕಟ್ಟಲ್ಪಡುವುದಿಲ್ಲ. ಒಂದೊಂದಕ್ಕೂ ಒಂದು ಸಂಭವನೀಯತೆ ಹಾಕಿ, ಗುಣಿಸಿ, ಕೋಟಿಗೊಂದು ಎಂದು ಮುಗಿಸುತ್ತಾರೆ. ಎದುರು ಪಕ್ಷದವರು "ತೂರ್ ಇವತ್ತಿಗೂ ಇದೆಯಲ್ಲ" ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಾರೆ. ವಚನ ವಚನವಾಗಿ ನೋಡಿದರೆ ಯಾವುದು ನಿಲ್ಲುತ್ತದೆ? ನಿಂತರೂ ಅಲ್ಲಿಂದ ಸೃಷ್ಟಿಕರ್ತನವರೆಗೆ ದಾರಿ ಇದೆಯೇ?

ಉತ್ತರ 1 (ಹಳೇ ನಕ್ಷೆ):
ಮೊದಲು ಭೂಗೋಳ. ಆಗಿನ ತೂರ್ ಅಂದರೆ ದಡದಿಂದ ಸುಮಾರು ಮುಕ್ಕಾಲು ಕಿಲೋಮೀಟರ್ ದೂರದ ದ್ವೀಪ. ಎದುರಿನ ದಡದಲ್ಲಿದ್ದ ಊರುಗಳು ಅದರ ಆಶ್ರಿತ ಊರುಗಳು. 26:8ರಲ್ಲಿ ಬಯಲಿನಲ್ಲಿರುವ ಪುತ್ರಿಯರು ಎಂದಿರುವುದು ಇವನ್ನೇ. ಕೋಟೆ, ಬಂದರು, ಅರಮನೆ ಎಲ್ಲ ದ್ವೀಪದ ಮೇಲೆ. ಇದನ್ನು ಕಲಸಿಬಿಟ್ಟರೆ ಚರ್ಚೆ ಮುಂದಕ್ಕೆ ಹೋಗುವುದೇ ಇಲ್ಲ.

ಅಧ್ಯಾಯದ ತಲೆಯಲ್ಲೇ ತಾರೀಖಿದೆ: ಯೆಹೂದ್ಯರನ್ನು ಬಾಬೆಲಿಗೆ ಒಯ್ದ ಸೆರೆಯ ಹನ್ನೊಂದನೆಯ ವರ್ಷ, ಅಂದರೆ ಕ್ರಿ.ಪೂ. 587-586ರ ಸುಮಾರು. ನೆಬೂಕದ್ನೆಚ್ಚರ 13 ವರ್ಷ ಮುತ್ತಿಗೆ ಹಾಕಿದ ಎಂದು ಫಿನೀಷ್ಯದ ದಾಖಲೆಗಳನ್ನು ಆಧರಿಸಿ ಮೊದಲ ಶತಮಾನದ ಯೆಹೂದ್ಯ ಇತಿಹಾಸಕಾರ ಜೋಸೆಫಸ್ ಬರೆಯುತ್ತಾನೆ. ತೂರ್ ಕೊನೆಗೆ ಬಾಬೆಲಿನ ಅಧೀನಕ್ಕೆ ಬಂತು, ಆದರೆ ದ್ವೀಪ ನೆಲಸಮವಾಗಲಿಲ್ಲ. ಇದಕ್ಕೆ ಹೊರಗಿನ ಸಾಕ್ಷಿ ಹುಡುಕಬೇಕಾಗಿಲ್ಲ. ಯೆಹೆಜ್ಕೇಲ 29:17-20 ಓದಿ: ಸೈನಿಕರ ತಲೆ ಬೋಳಾಯಿತು, ಹೆಗಲು ತರಚಿತು, ಆದರೂ ತೂರಿನಿಂದ ಕೂಲಿ ಸಿಗಲಿಲ್ಲ, ಅದರ ಬದಲು ಐಗುಪ್ತವನ್ನು (ಈಜಿಪ್ಟ್) ಕೊಡುತ್ತೇನೆ ಎಂದು ದೇವರ ಮಾತಿದೆ. ಅದರ ತಾರೀಖು ಇಪ್ಪತ್ತೇಳನೆಯ ವರ್ಷ, ಕ್ರಿ.ಪೂ. 571.

ಕಲ್ಲು ಮಣ್ಣು ನೀರಿಗೆ ಬಿದ್ದದ್ದು ಕ್ರಿ.ಪೂ. 332ರಲ್ಲಿ, ಅಲೆಕ್ಸಾಂಡರನ ಏಳು ತಿಂಗಳ ಮುತ್ತಿಗೆಯಲ್ಲಿ. ದಡದ ಹಳೇ ತೂರನ್ನು ಕೆಡವಿ ಅದರ ಕಲ್ಲನ್ನೂ ಲೆಬನೋನಿನ ಮರವನ್ನೂ ತುಂಬಿ ಸಮುದ್ರದಲ್ಲಿ ದಾರಿ ಎಬ್ಬಿಸಿದ. ದಡದ ಕಡೆ ಕೆಸರಿನಲ್ಲಿ ಗೂಟ ಸುಲಭವಾಗಿ ನಿಂತವು. ಕೋಟೆಯ ಹತ್ತಿರ ನೀರು ಆಳವಾದಾಗ ಕೆಲಸ ಕುಂಟಿತು. ದಾರಿಯ ತುದಿಗೆ ಚರ್ಮ ಹೊದಿಸಿದ ಎರಡು ಗೋಪುರ ನಿಲ್ಲಿಸಿದ್ದ. ತೂರಿನವರು ಕುದುರೆ ಸಾಗಿಸುವ ಹಡಗೊಂದಕ್ಕೆ ಡಾಂಬರು, ಗಂಧಕ, ಒಣಪುಳ್ಳೆ ತುಂಬಿ, ಮೂತಿ ಮೇಲೇಳಲೆಂದು ಹಿಂಬದಿಗೆ ಭಾರ ಹಾಕಿ, ಗಾಳಿ ನೋಡಿಕೊಂಡು ಅದನ್ನು ದಾರಿಗೆ ಡಿಕ್ಕಿ ಹೊಡೆಸಿ ಗೋಪುರಗಳನ್ನು ಸುಟ್ಟುಹಾಕಿದರು. ಸೀದೋನ್, ಬಿಬ್ಲೋಸ್, ಅರ್ವಾದ್, ಸೈಪ್ರಸ್‌ಗಳ ನೌಕೆಗಳು ಅವನ ಕಡೆಗೆ ಬಂದ ಮೇಲೆಯೇ ಆಟ ಬದಲಾದದ್ದು. ಗೋಡೆ ಒಡೆದದ್ದೂ ಹಡಗಿನ ಮೇಲಿಟ್ಟ, ಗೋಡೆ ಗುದ್ದುವ ಟಗರುಯಂತ್ರಗಳಿಂದ. ಆ ದಾರಿಗೆ ಮರಳು ಕಟ್ಟಿಕೊಂಡು ದ್ವೀಪ ಈಗ ಪರ್ಯಾಯದ್ವೀಪವಾಗಿದೆ. ನೀರಿನಡಿ ಮೊದಲೇ ಮರಳದಿಣ್ಣೆ ಬೆಳೆದಿತ್ತು, ಅದರಿಂದಲೇ ಕೆಲಸ ಸಾಧ್ಯವಾಯಿತು ಎಂದು 2007ರ ಭೂವೈಜ್ಞಾನಿಕ ಅಧ್ಯಯನ ತೋರಿಸಿದೆ.

ಉತ್ತರ 2 (ವಚನಪ್ರಿಯ):
ಮೇಲಿನವರು ಕೊಟ್ಟ ಇತಿಹಾಸ ಸರಿ. ಆದರೆ ಅಧ್ಯಾಯದ ರಚನೆ ನೋಡಿ. 3ನೆಯ ವಚನದಲ್ಲಿ ಅನೇಕ ಜನಾಂಗಗಳು ತೆರೆಗಳ ಹಾಗೆ, ಒಂದರ ಹಿಂದೆ ಒಂದು ಬರುತ್ತವೆ. 7ರಿಂದ 11ರವರೆಗೆ ನೆಬೂಕದ್ನೆಚ್ಚರನೊಬ್ಬನೇ: ಅವನು, ಅವನ ಕುದುರೆಗಳು. ಕಲ್ಲು ಮರ ಮಣ್ಣು ನೀರಿಗೆ ಹಾಕುವ 12ನೆಯ ವಚನಕ್ಕೆ ಬಂದಾಗ ಕರ್ತೃ ಬಹುವಚನವಾಗುತ್ತದೆ, 'ಅವನು' ಹೋಗಿ 'ಅವರು' ಬರುತ್ತದೆ. ಮುಂದಿನ ಅಲೆ ಅಲ್ಲಿಂದ ಶುರು ಎಂದು ಓದಲು ಪಠ್ಯದಲ್ಲೇ ಜಾಗವಿದೆ.

29ನೆಯ ಅಧ್ಯಾಯವನ್ನು ನಮ್ಮ ಸೋಲು ಎಂದು ಮುಚ್ಚಿಡುವ ಬೋಧಕರಿದ್ದಾರೆ. ನನ್ನ ಪ್ರಕಾರ ಅದೇ ನಮ್ಮ ಗಟ್ಟಿ ಸಾಕ್ಷಿ. ಪ್ರವಾದನೆಯನ್ನು ಘಟನೆಯಾದ ಮೇಲೆ ಬರೆದು ಸೇರಿಸಿದ್ದಿದ್ದರೆ 26ನ್ನು ತಿದ್ದಿ ನಯಮಾಡುತ್ತಿದ್ದರು, "ಕೂಲಿ ಸಿಗಲಿಲ್ಲ" ಎಂಬ ಮಾತನ್ನು ಉಳಿಸುತ್ತಿರಲಿಲ್ಲ. ಹಾಗಾಗಿ ಅಲೆಕ್ಸಾಂಡರನಿಗಿಂತ ಎರಡು ಶತಮಾನ ಮುಂಚಿನ ಬರಹ ಇದು ಎನ್ನಲು ಧೈರ್ಯ ಬರುತ್ತದೆ.

"ಮತ್ತೆ ಕಟ್ಟಲ್ಪಡುವುದಿಲ್ಲ" ಎಂಬುದಕ್ಕೆ ಮಾತ್ರ ದಡದ ಹಳೇ ತೂರನ್ನು ತೋರಿಸಿ ತಪ್ಪಿಸಿಕೊಳ್ಳಬೇಡಿ. ಶಾಪ ಸಮುದ್ರ ಮಧ್ಯದ ಪಟ್ಟಣದ ಮೇಲಿದೆ. ಯೆರೆಮೀಯ 18:7-10ರ ಷರತ್ತು (ಜನಾಂಗ ತಿರುಗಿಕೊಂಡರೆ ದೇವರು ಶಿಕ್ಷೆ ಬಿಡುತ್ತಾನೆ), ಯೋನನ ಮಾತು ಕೇಳಿ ಪಶ್ಚಾತ್ತಾಪಪಟ್ಟು ಉಳಿದ ನಿನೆವೆ ಪಟ್ಟಣ, ಇವುಗಳ ಕಡೆಯಿಂದ ವಾದಿಸುವುದು ಪ್ರಾಮಾಣಿಕವಾದ ದಾರಿ. ತೂರಿನವರು ಪಶ್ಚಾತ್ತಾಪಪಟ್ಟರೆಂದು ಎಲ್ಲೂ ಬರೆದಿಲ್ಲ ಎಂಬ ಪ್ರತಿವಾದ ಬಂದೇ ಬರುತ್ತದೆ, ಅದಕ್ಕೂ ತಯಾರಿರಿ.

ಉತ್ತರ 3 (ಅರೆನಂಬಿಕೆ):
ಕರ್ತೃಪಲ್ಲಟ ಇದೆ, ಒಪ್ಪಿದೆ. ಆದರೆ 10-11ನೆಯ ವಚನಗಳನ್ನು ವಚನಪ್ರಿಯರು ದಾಟಿಬಿಟ್ಟರು. ನೆಬೂಕದ್ನೆಚ್ಚರನ ಕುದುರೆಗಳು ನಿನ್ನ ಬೀದಿಗಳನ್ನೆಲ್ಲ ತುಳಿಯುತ್ತವೆ, ಬಾಗಿಲುಗಳೊಳಗೆ ನುಗ್ಗುತ್ತಾನೆ ಎಂದಿರುವುದು ಅವನ ಪಾಲಿನಲ್ಲೇ. ಅದು ಆಗಲಿಲ್ಲ, ಆಗಿದ್ದರೆ ಕೂಲಿ ಸಿಗುತ್ತಿತ್ತು. ಧರ್ಮೋಪದೇಶಕಾಂಡ 18:22 ಪ್ರವಾದಿಗೆ ಇಟ್ಟ ಪರೀಕ್ಷೆಯನ್ನು (ಹೇಳಿದ್ದು ಆಗದಿದ್ದರೆ ಅದು ದೇವರ ಮಾತಲ್ಲ) ಬೇರೆಯವರಿಗೆ ಹಿಡಿದಷ್ಟೇ ಬಿಗಿಯಾಗಿ ಇಲ್ಲಿಯೂ ಹಿಡಿಯಬೇಕು. ಐಗುಪ್ತದ ಮಾತೂ ಅಷ್ಟೇ. ನೆಬೂಕದ್ನೆಚ್ಚರ ಕ್ರಿ.ಪೂ. 568ರಲ್ಲಿ ಅತ್ತ ದಂಡೆತ್ತಿದ ಸುಳಿವು ಬಾಬೆಲಿನ ಒಂದು ಮುರುಕು ಫಲಕದಲ್ಲಿದೆ. ಆದರೆ 29:11-12 ಹೇಳುವ 40 ವರ್ಷಗಳ ಪಾಳುತನಕ್ಕೆ ಕುರುಹಿಲ್ಲ, ಐಗುಪ್ತದ ಅರಸ ಅಮಾಸಿಸ್ ಕ್ರಿ.ಪೂ. 526ರವರೆಗೆ ಆಳಿಕೊಂಡೇ ಇದ್ದ.

ಈಗ ಗುಣಾಕಾರ. ಸಂಭವನೀಯತೆಗಳನ್ನು ಹಾಗೆಯೇ ಗುಣಿಸಬೇಕಾದರೆ ಘಟನೆಗಳು ಒಂದಕ್ಕೊಂದು ಸಂಬಂಧವಿಲ್ಲದಿರಬೇಕು. ಇಲ್ಲಿ ಹಾಗಿಲ್ಲ. ಬಲಿಷ್ಠನೊಬ್ಬ ದ್ವೀಪದ ಕೋಟೆ ಹಿಡಿಯಲು ಹೊರಟರೆ ಸಮುದ್ರ ತುಂಬಿಸುವುದು, ಹತ್ತಿರದ ಊರು ಕೆಡವಿ ಕಲ್ಲು ತರುವುದು ಒಂದೇ ಯೋಜನೆಯ ತುಂಡುಗಳು. ಮೀನುಗಾರರಿರುವ ಕರಾವಳಿಯಲ್ಲಿ ಬಂಡೆಯ ಮೇಲೆ ಬಲೆ ಒಣಗುವುದಕ್ಕೆ ಸಂಭವ ಹತ್ತಿರಹತ್ತಿರ ಒಂದು. ಮಲ್ಪೆಯಲ್ಲಿ ಬಲೆ ಒಣಗುತ್ತದೆ ಎಂದು ಭವಿಷ್ಯ ಹೇಳಿದ ಹಾಗೆ. ಗಡುವು ಇಲ್ಲದಿರುವುದು ಇನ್ನೂ ದೊಡ್ಡ ತೊಡಕು. ಸಾವಿರ ವರ್ಷ ಬಿಟ್ಟರೆ ಆ ತೀರದ ಯಾವ ಶ್ರೀಮಂತ ಬಂದರು ಪಟ್ಟಣವಾದರೂ ಎರಡು ಮೂರು ಸಲ ಸೂರೆಹೋಗುತ್ತದೆ.

ಅಲೆಕ್ಸಾಂಡರನೊಂದಿಗೆ ತೂರ್ ಮುಗಿಯಿತು ಎನ್ನುವವರು ಕ್ರಿ.ಪೂ. 315ರಿಂದ ಅಲೆಕ್ಸಾಂಡರನ ಸೇನಾಪತಿಯಾಗಿದ್ದ ಆಂಟಿಗೊನಸ್ ನಡೆಸಿದ 15 ತಿಂಗಳ ಮುತ್ತಿಗೆಯನ್ನು ನೋಡಲಿ. ಇಪ್ಪತ್ತು ವರ್ಷವೂ ಆಗಿರಲಿಲ್ಲ, ಪಟ್ಟಣ ಅಷ್ಟು ಹೊತ್ತು ತಡೆದು ನಿಂತಿತ್ತು. ಯೇಸುವಿನ ಅಪೊಸ್ತಲ ಪೌಲ ಅಲ್ಲಿನ ಶಿಷ್ಯರ ಬಳಿ ಏಳು ದಿನ ಉಳಿದ (ಅಪೊಸ್ತಲರ ಕೃತ್ಯಗಳು 21:3-4). ಕ್ರುಸೇಡಿನವರು (ಯೂರೋಪಿನ ಕ್ರೈಸ್ತ ಧರ್ಮಯೋಧರು) 1124ರಲ್ಲಿ ಹಿಡಿದರು, 1291ರಲ್ಲಿ ಈಜಿಪ್ಟನ್ನು ಆಳುತ್ತಿದ್ದ ಮಾಮ್ಲೂಕರು ಹಾಳುಗೆಡವಿದರು. ಈಗಿನ ಲೆಬನಾನಿನ ಸೂರ್ ಊರು ಹಳೆಯ ದ್ವೀಪದ ಮೇಲೂ ಹಬ್ಬಿಕೊಂಡಿದೆ.

ಕಡಲದಂಡೆ:
ಉಪಯೋಗವಾಯಿತು. ಎರಡನೆಯ ಪ್ರಶ್ನೆಯನ್ನು ಯಾರೂ ಮುಟ್ಟಲಿಲ್ಲ.

ಉತ್ತರ 4 (ತರ್ಕದ ಗೀಳು):
ತೂರ್ ಅಕ್ಷರಶಃ ನೆರವೇರಿತು ಎಂದೇ ಇಟ್ಟುಕೊಳ್ಳಿ. ಸಿಗುವ ತೀರ್ಮಾನ ಇಷ್ಟು: ಮುಂದಿನದು ತಿಳಿದ ಯಾರೋ ಯೆಹೆಜ್ಕೇಲನಿಗೆ ತಿಳಿಸಿದರು. ಆ ಯಾರೋ ಜಗತ್ತನ್ನೂ ಮಾಡಿದರು ಎಂಬುದು ಇನ್ನೊಂದು ಹೆಜ್ಜೆ, ಅದಕ್ಕೆ ಬೇರೆ ಆಧಾರ ಬೇಕು. ಯೆಶಾಯ 40ರಿಂದ 48ರವರೆಗೆ ಎರಡನ್ನೂ ಒಟ್ಟಿಗೆ ಹೇಳಿದೆ: ಮುಂದಾಗುವುದನ್ನು ತಿಳಿಸುವವನೇ ಆಕಾಶ ಹರಡಿದವನು ಎಂದು. ಆದರೆ ಅದು ಗ್ರಂಥದ ಹೇಳಿಕೆ. ಗ್ರಂಥ ಒಪ್ಪದವನೆದುರು ಅದನ್ನೇ ಆಧಾರ ಮಾಡಿದರೆ ಸುತ್ತಿ ಬಂದಲ್ಲಿಗೇ ಬಂದ ಹಾಗೆ.

ಸೃಷ್ಟಿಕರ್ತನ ವಾದವನ್ನು ನೇರವಾಗಿ ಬೇರೆ ಕಡೆಯಿಂದ ಶುರುಮಾಡಿ: ಜಗತ್ತಿಗೆ ಆರಂಭವಿದೆಯೇ, ಭೌತನಿಯಮಗಳ ಸ್ಥಿರಾಂಕಗಳು ಜೀವಕ್ಕೆ ಹೊಂದುವ ಹಾಗೆ ಏಕಿವೆ, ಇತ್ಯಾದಿ. ಅಲ್ಲಿಯೂ ಹಳ್ಳವಿದೆ. ಮಡಕೆಗೆ ಕುಂಬಾರನಿರುವಂತೆ ಜಗತ್ತಿಗೂ ಕರ್ತೃ ಇರಲೇಬೇಕು ಎಂಬ ನೈಯಾಯಿಕರ (ನ್ಯಾಯದರ್ಶನದ ತಾರ್ಕಿಕರು) ಅನುಮಾನವನ್ನು, ಅಂದರೆ ಕಂಡದ್ದರಿಂದ ಕಾಣದ್ದನ್ನು ಊಹಿಸುವ ತರ್ಕವನ್ನು, ಒಪ್ಪದವರು ನಾಸ್ತಿಕರಷ್ಟೇ ಅಲ್ಲ. ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜರು ಬ್ರಹ್ಮಸೂತ್ರದ 'ಶಾಸ್ತ್ರಯೋನಿತ್ವಾತ್' ಸೂತ್ರದ ಭಾಷ್ಯದಲ್ಲಿ ಅದನ್ನು ಬಿಡಿಬಿಡಿಯಾಗಿ ಕಳಚುತ್ತಾರೆ: ದೊಡ್ಡ ನಿರ್ಮಾಣಗಳಿಗೆ ಅನೇಕ ಕರ್ತೃಗಳಿರುವುದನ್ನು ಕಾಣುತ್ತೇವೆ, ಹಾಗಿರುವಾಗ ಒಬ್ಬನೇ ಎಂದು ಅನುಮಾನದಿಂದ ಹೇಗೆ ಸಿದ್ಧವಾಯಿತು? ಈಶ್ವರನನ್ನು ಅವರು ಶಾಸ್ತ್ರದಿಂದ ಒಪ್ಪುತ್ತಾರೆ, ಕುಂಬಾರನಿಂದಲ್ಲ. ಉಡುಪಿಯ ಮಧ್ವರ ನಿಲುವೂ ಅದೇ. ಬೈಬಲ್ ಪಕ್ಷದವರು ಈ ಆಕ್ಷೇಪಕ್ಕೆ ಉತ್ತರವಿಟ್ಟುಕೊಂಡೇ ಹೊರಡಬೇಕು.

ಉತ್ತರ 5 (ಹಳೇ ನಕ್ಷೆ):
ತೂರ್ ಬಿಟ್ಟು ಬೇರೆ ಉದಾಹರಣೆ ಬೇಕಿದ್ದರೆ ಯೆಶಾಯ 53 ಇದೆ: ಇತರರಿಗಾಗಿ ನೋವುಣ್ಣುವ ದೇವರ "ಸೇವಕ"ನ ಅಧ್ಯಾಯ, ಕ್ರೈಸ್ತರು ಅವನನ್ನು ಯೇಸು ಎಂದು ಓದುತ್ತಾರೆ. ತಾರೀಖಿನ ಜಗಳ ಅಲ್ಲಿ ಕಡಿಮೆ: ಮೃತಸಮುದ್ರದ ಬಳಿಯ ಕುಮ್ರಾನಿನ ಮೊದಲ ಗುಹೆಯಲ್ಲಿ 1947ರಲ್ಲಿ ಸಿಕ್ಕ ಏಳು ಮೀಟರಿಗೂ ಉದ್ದದ ಯೆಶಾಯ ಸುರುಳಿ ಯೇಸುವಿಗಿಂತ ನೂರು ವರ್ಷಕ್ಕೂ ಹಳೆಯದು. ಅಲ್ಲಿನ ಜಗಳ "ಸೇವಕ" ಯಾರು ಎಂಬುದು. 49:3 ಇಸ್ರಾಯೇಲ್ ಎಂದೇ ಹೆಸರಿಸುತ್ತದೆ, 49:5-6ರಲ್ಲಿ ಅದೇ ಸೇವಕ ಇಸ್ರಾಯೇಲನ್ನು ತಿರುಗಿ ತರುವವನು. ದಾನಿಯೇಲ 9ರ ಎಪ್ಪತ್ತು ವಾರಗಳನ್ನು (ಅಭಿಷಿಕ್ತನು ಬರುವ ಕಾಲದ ಎಣಿಕೆ) ಎತ್ತಿಕೊಳ್ಳುವವರು ಮಾತ್ರ ಎಣಿಕೆ ಯಾವ ಆಜ್ಞೆಯಿಂದ, ವರ್ಷಕ್ಕೆ 360 ದಿನವೋ 365 ದಿನವೋ ಎಂದು ಉತ್ತರ ನೋಡುವ ಮೊದಲೇ ಬರೆದಿಟ್ಟುಕೊಳ್ಳಬೇಕು. ಯೆರೂಸಲೇಮನ್ನು ತಿರುಗಿ ಕಟ್ಟುವ ಆಜ್ಞೆ ಹೊರಟದ್ದು ಕ್ರಿ.ಪೂ. 445ರಲ್ಲಿ ಎಂದು ಹಿಡಿದು, ಅಲ್ಲಿಂದ ಅಭಿಷಿಕ್ತನವರೆಗಿನ 69 ವಾರಗಳನ್ನು ವಾರಕ್ಕೆ ಏಳು ವರ್ಷದಂತೆ 483 ಸಾಮಾನ್ಯ ವರ್ಷ ಎಣಿಸಿದರೆ ಕ್ರಿ.ಶ. 39ಕ್ಕೆ ಬರುತ್ತದೆ (ನಡುವೆ ಸೊನ್ನೆ ವರ್ಷವಿಲ್ಲ, ನೆನಪಿರಲಿ). 360ರ ಲೆಕ್ಕಕ್ಕೆ ಹೋದರೆ ಏಳು ವರ್ಷ ಹಿಂದಕ್ಕೆ ಸರಿಯುತ್ತದೆ. ಬೇಕಾದ ವರ್ಷಕ್ಕೆ ಬಂತೆಂದು 360ನ್ನು ಆರಿಸಿದ್ದೀರಿ ಎಂಬುದೇ ಎದುರಿನವರ ಮೊದಲ ಪ್ರಶ್ನೆಯಾಗಿರುತ್ತದೆ.