ಟರ್ಮಿನೇಟರ್ 2 ಇಷ್ಟು ನಾಟುತ್ತದೆ, ಡಾರ್ಕ್ ಫೇಟ್ ಯಾಕೆ ನಾಟಲಿಲ್ಲ?

ಶಿರಸಿ ಮಳೆ:
ಹೋದ ವಾರ ಇಲ್ಲಿ ಬಿಡದೆ ಮಳೆ. ಅಡಿಕೆಗೆ ಕೊಳೆ ಔಷಧಿ ಹೊಡೆಯುವ ಹಾಗೂ ಇರಲಿಲ್ಲ, ಮನೆಯಲ್ಲೇ ಕೂತಿದ್ದೆ. ಕರೆಂಟ್ ಬಂದಾಗಲೆಲ್ಲ ಟರ್ಮಿನೇಟರ್ ಸಿನಿಮಾ ನೋಡಿದೆ, ಭವಿಷ್ಯದಿಂದ ಕೊಲ್ಲಲು ಬರುವ ಯಂತ್ರಗಳ ಕತೆ. 1984ರದು, 1991ರದು, ಆಮೇಲೆ ನೇರವಾಗಿ 2019ರ ಡಾರ್ಕ್ ಫೇಟ್. ಮಧ್ಯದ ಮೂರನ್ನು ಬಿಟ್ಟೆ, ಯಾಕೆಂದರೆ ಡಾರ್ಕ್ ಫೇಟ್ ತಾನು ಎರಡನೆಯದರ ಮುಂದಿನ ಕತೆ ಅಂತಲೇ ಹೇಳಿಕೊಳ್ಳುತ್ತದೆ.

ಎರಡನೆಯದು ಮುಗಿದಾಗ ಕಣ್ಣು ಒದ್ದೆಯಾಗಿತ್ತು. ಡಾರ್ಕ್ ಫೇಟ್ ಮುಗಿದಾಗ ಸಿಟ್ಟು ಬಂತು. ಸಾರಾ ಪಾತ್ರಕ್ಕೆ ಲಿಂಡಾ ಹ್ಯಾಮಿಲ್ಟನ್ ವಾಪಸ್ ಬಂದಿದ್ದಾರೆ, ಯಂತ್ರಮಾನವನಾಗಿ ಅರ್ನಾಲ್ಡ್ ಇದ್ದಾರೆ, ಮೊದಲೆರಡನ್ನು ನಿರ್ದೇಶಿಸಿದ ಜೇಮ್ಸ್ ಕ್ಯಾಮರೂನ್ ನಿರ್ಮಾಪಕರಾಗಿ ಜೊತೆಗಿದ್ದಾರೆ. ಇಷ್ಟೆಲ್ಲ ಇದ್ದೂ, ಮುಂದೆ ಯಂತ್ರಗಳ ವಿರುದ್ಧ ನಾಯಕನಾಗಬೇಕಾದ ಸಾರಾಳ ಮಗ ಜಾನ್‌ನನ್ನು ಶುರುವಿನಲ್ಲೇ ಕೊಂದುಬಿಟ್ಟರು. ಎರಡೂಕಾಲು ಗಂಟೆ ಯಾರನ್ನು ಉಳಿಸಲಿ ಅಂತ ಬೇಡಿಕೊಂಡಿದ್ದೆನೋ ಅವನನ್ನೇ! ತಪ್ಪು ಕ್ಯಾಸ್ಟಿಂಗ್‌ನದ್ದಾ, ಕತೆಯದ್ದಾ? ನಿಮಗೇನು ಅನಿಸುತ್ತದೆ, ಹೇಳಿ.

ಶರಾವತಿ ದಡ (ಹೊನ್ನಾವರ):
ತಮ್ಮಾ, ಒಳ್ಳೇ ಪ್ರಶ್ನೆ. ನನ್ನ ಪ್ರಕಾರ ಎರಡೂ ಬೇರೆ ಬೇರೆ ಅಲ್ಲ. ಎರಡನೇ ಭಾಗದಲ್ಲಿ ಕ್ಯಾಸ್ಟಿಂಗೇ ಕತೆ.

ಮೊದಲ ಸಿನಿಮಾದಲ್ಲಿ ಅರ್ನಾಲ್ಡ್ ಕೊಲ್ಲಲು ಬಂದವರು. ಎರಡನೆಯದಕ್ಕೆ ಅದೇ ಮುಖ, ಅದೇ ಚರ್ಮದ ಜಾಕೆಟ್. ಎದುರಿಗೆ ಪೊಲೀಸ್ ಯೂನಿಫಾರ್ಮ್ ಹಾಕಿದ ತೆಳ್ಳಗಿನ ರಾಬರ್ಟ್ ಪ್ಯಾಟ್ರಿಕ್. ಮಾಲ್‌ನ ಆ ಓಣಿಯಲ್ಲಿ ಹುಡುಗನ ಎರಡೂ ಕಡೆಯಿಂದ ಇಬ್ಬರೂ ಬರುತ್ತಾರಲ್ಲ, ಅಲ್ಲಿಯವರೆಗೂ ಯಾರು ಕಾಯುವವ, ಯಾರು ಕೊಲ್ಲುವವ ಅಂತ ಸಿನಿಮಾ ಬಾಯಿ ಬಿಡುವುದಿಲ್ಲ. ನಮ್ಮ ಕಡೆಯ ಯಕ್ಷಗಾನದ ಆಟದಲ್ಲಿ ಬಣ್ಣದ ವೇಷ ತೆರೆಯ ಹಿಂದೆ ಮೊದಲು ಕಿರೀಟ, ಆಮೇಲೆ ಕಣ್ಣು ತೋರಿಸುತ್ತಾ ಜನರನ್ನು ಕಾಯಿಸುತ್ತದಲ್ಲ, ಹಾಗೆ. ಬೇಜಾರಿನ ಸಂಗತಿ ಅಂದರೆ ಆಗಿನ ಟ್ರೈಲರ್‌ನಲ್ಲೇ ಅರ್ನಾಲ್ಡ್ ಒಳ್ಳೆಯವರು ಅಂತ ತೋರಿಸಿಬಿಟ್ಟಿದ್ದರು.

ಇನ್ನು ಸಾರಾ. 1984ರಲ್ಲಿ ಹೋಟೆಲಲ್ಲಿ ಊಟ ಬಡಿಸುವ, ಹೆದರಿ ಓಡುವ ಹುಡುಗಿ. ಎರಡನೆಯದರಲ್ಲಿ ಮೊದಲು ಕಾಣುವಾಗ ಆಸ್ಪತ್ರೆಯ ಮಂಚವನ್ನು ನೆಟ್ಟಗೆ ನಿಲ್ಲಿಸಿ ಅದಕ್ಕೆ ಜೋತು ಮೈ ಎತ್ತುತ್ತಿದ್ದಾಳೆ. ಒಂದು ಮಾತಿಲ್ಲ. ನಡುವೆ ಕಳೆದ ವರ್ಷಗಳೆಲ್ಲ ಆ ತೋಳಿನಲ್ಲಿ ಇವೆ. ಅದಕ್ಕಾಗಿ ಹ್ಯಾಮಿಲ್ಟನ್ ತಿಂಗಳುಗಟ್ಟಲೆ ತಾಲೀಮು ಮಾಡಿದ್ದರು. ಕೊನೆಗೆ ಟಿ-1000, ಅಂದರೆ ಪ್ಯಾಟ್ರಿಕ್ ಮಾಡಿದ ದ್ರವಲೋಹದ ಯಂತ್ರ, ಸಾರಾಳ ರೂಪ ತಾಳಿ ನಿಲ್ಲುವ ದೃಶ್ಯಕ್ಕೆ ಹ್ಯಾಮಿಲ್ಟನ್ ಅವರ ಅವಳಿ ಸೋದರಿಯನ್ನೇ ಕರೆಸಿದ್ದರು ಗೊತ್ತಾ?

ಕಡಲ ಗಾಳಿ (ಕಾರವಾರ):
ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಖಳನಿಗೆ ಮಿತಿ ಬೇಕು. ಟಿ-1000 ಮುಟ್ಟಿದ್ದರ ರೂಪ ತಾಳಬಲ್ಲದು, ಕೈಯನ್ನು ಚೂರಿ ಮಾಡಬಲ್ಲದು, ಆದರೆ ಬಂದೂಕೋ ಬಾಂಬೋ ಆಗಲಾರದು. ಇದನ್ನು ಅರ್ನಾಲ್ಡ್ ಹುಡುಗನಿಗೆ ಸುಮ್ನೆ ನಾಲ್ಕು ಮಾತಿನಲ್ಲಿ ಹೇಳಿ ಮುಗಿಸುತ್ತಾರೆ. ಅಲ್ಲಿಂದ ಮುಂದೆ ಯಾರನ್ನು ನೋಡಿದರೂ ಇದು ಅದೇ ಇರಬಹುದಾ ಅಂತ ಎದೆ ಹೊಡೆದುಕೊಳ್ಳುತ್ತದೆ. ರಾಬರ್ಟ್ ಪ್ಯಾಟ್ರಿಕ್ ಬಾಯಿ ಮುಚ್ಚಿ ಮೂಗಿನಲ್ಲೇ ಉಸಿರಾಡುತ್ತಾ ಓಡುವುದನ್ನು ಅಭ್ಯಾಸ ಮಾಡಿದ್ದರು. ಕಾರಿನ ಹಿಂದೆ ಓಡಿ ಬರುವಾಗ ಏದುಸಿರೇ ಇಲ್ಲ. ಗ್ರಾಫಿಕ್ಸ್‌ಗಿಂತ ಆ ಮುಚ್ಚಿದ ಬಾಯಿಯೇ ನನಗೆ ಜಾಸ್ತಿ ಹೆದರಿಕೆ ಹುಟ್ಟಿಸಿದ್ದು.

ಡಾರ್ಕ್ ಫೇಟ್‌ನ ಖಳಯಂತ್ರ ರೆವ್-9 ದ್ರವವೂ ಹೌದು, ಎಲುಬಿನ ಯಂತ್ರವೂ ಹೌದು, ಬೇಕೆಂದಾಗ ಎರಡು ತುಂಡಾಗಿ ಎರಡು ಕಡೆ ಹೋರಾಡುತ್ತದೆ. ಆ ಪಾತ್ರದಲ್ಲಿ ಗೇಬ್ರಿಯಲ್ ಲೂನಾ ನಗುನಗುತ್ತಾ ಮಾತಾಡಿಸಿ ನಂಬಿಸುವ ರೀತಿ ಚೆನ್ನಾಗಿತ್ತು, ಅದು ಹೊಸದು. ಆದರೆ ಶಕ್ತಿ ಹೆಚ್ಚಿದಷ್ಟೂ ಭಯ ಕಡಿಮೆಯಾಯಿತು. ಏನು ಮಾಡಿದರೂ ಸಾಯುವುದಿಲ್ಲ ಅಂತ ಗೊತ್ತಾದ ಮೇಲೆ ಹೊಡೆದಾಟ ಬರೀ ಸದ್ದು. ವಿಮಾನದ ಫೈಟ್ ಅಂತೂ ನಮ್ಮ ಟಿವಿಯಲ್ಲಿ ಕತ್ತಲೆಯಲ್ಲಿ ಕಾಣಲೇ ಇಲ್ಲ.

ಕುಮಟಾದವ:
ನಾನು ಸ್ವಲ್ಪ ಡಾರ್ಕ್ ಫೇಟ್ ಪರ ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಅರವತ್ತು ದಾಟಿದ ಹೆಂಗಸನ್ನು ಮುಖದ ಸುಕ್ಕು ಮುಚ್ಚದೆ ಆಕ್ಷನ್ ಸಿನಿಮಾದ ನಡುವೆ ನಿಲ್ಲಿಸಿದ್ದು ಸಣ್ಣ ವಿಷಯವಲ್ಲ. ಮಗನನ್ನು ಕಳೆದುಕೊಂಡ ತಾಯಿಯ ಒರಟುತನ ಅವರ ದನಿಯಲ್ಲೇ ಇದೆ. ಗ್ರೇಸ್ ಆಗಿ ಮೆಕೆಂಜಿ ಡೇವಿಸ್ ಕೂಡ ಸರಿಯಾದ ಆಯ್ಕೆ. ಯಂತ್ರ ಸೇರಿಸಿದ ಮನುಷ್ಯಳು, ಹೋರಾಡಿದ ಮೇಲೆ ಮೈ ಕೈಕೊಡುತ್ತದೆ, ಔಷಧಿ ಬೇಕು. ನೀವು ಕೇಳಿದ ಮಿತಿ ಖಳನಿಗಿಲ್ಲ, ಆದರೆ ಇವಳಿಗೆ ಇದೆ.

ಹೊಸ ಮುಖ ತಂದದ್ದೇ ತಪ್ಪು ಅನ್ನುವವರಿಗೂ ಒಂದು ಮಾತು. ಯಕ್ಷಗಾನದಲ್ಲಿ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕ ನೋಡಿದ ಜನ ಬೇರೆಯವರ ಕೀಚಕವನ್ನೂ ರಾತ್ರಿಯಿಡೀ ಕೂತು ನೋಡುತ್ತಾರೆ. ವೇಷಧಾರಿ ಬದಲಾದರೆ ನಾವು ಎದ್ದು ಹೋಗುವುದಿಲ್ಲ, ಪಾತ್ರದ ನಡೆ ಕೆಟ್ಟರೆ ಹೋಗುತ್ತೇವೆ. 2015ರ ಜೆನಿಸಿಸ್ ನನಗೆ ಹಿಡಿಸದೆ ಇರುವುದು ಎಮಿಲಿಯಾ ಕ್ಲಾರ್ಕ್ ಸಾರಾ ಆದರು ಅಂತಲ್ಲ. ಅಲ್ಲಿ ಸಾರಾ ಒಂಬತ್ತು ವರ್ಷದಿಂದಲೇ ಯಂತ್ರದ ಕೈಯಲ್ಲಿ ಬೆಳೆದವಳು, ಬಂದಾಗಲೇ ಯೋಧೆ. ಹೆದರುವ ಹುಡುಗಿ ಗಟ್ಟಿಯಾಗುವ ದಾರಿಯನ್ನೇ ಅಳಿಸಿಬಿಟ್ಟರು. 2003ರ ಮೂರನೆಯದರಲ್ಲಂತೂ ಸಾರಾ ಕಾಯಿಲೆಯಿಂದ ತೀರಿಹೋದಳು ಅಂತ ಬಾಯಿಮಾತಲ್ಲಿ ಹೇಳಿ ದಾಟಿಸಿದರು.

ಶರಾವತಿ ದಡ (ಹೊನ್ನಾವರ):
ಕುಮಟಾದವರೇ, ಕೀಚಕನ ಮಾತು ಒಪ್ಪಿದೆ. ಗ್ರೇಸ್ ಬಗ್ಗೆಯೂ ಒಪ್ಪಿದೆ. ಆದರೆ ಜಾನ್ ಸಾವನ್ನು ಮಾತ್ರ ಒಪ್ಪಲಾರೆ. ಕೊಲ್ಲಬಾರದು ಅಂತಲ್ಲ, ಕೊಂದ ಮೇಲೆ ಆ ದುಃಖಕ್ಕೆ ಜಾಗ ಕೊಡಬೇಕಿತ್ತು. ಎರಡನೆಯದರ ಜಾನ್ ಪಾತ್ರಕ್ಕೆ ಎಡ್ವರ್ಡ್ ಫರ್ಲಾಂಗ್‌ನನ್ನು ಹುಡುಕಿ ತಂದಾಗ ಅವನು ಅದಕ್ಕೂ ಮೊದಲು ನಟಿಸಿದವನೇ ಅಲ್ಲ. ಆ ಕಲಿಯದ ಹುಡುಗನ ಒಡೆದ ದನಿಯಿಂದಲೇ ಯಂತ್ರ ಅವನಿಗೆ ಅಪ್ಪನ ಹಾಗಾಗುವುದನ್ನು ನಾವು ನಂಬಿದ್ದು. ಡಾರ್ಕ್ ಫೇಟ್‌ನಲ್ಲಿ ಅದೇ ಬಾಲಮುಖವನ್ನು ಕಂಪ್ಯೂಟರ್‌ನಲ್ಲಿ ಮಾಡಿ ಒಂದೇ ಕ್ಷಣಕ್ಕೆ ತಂದು ಗುಂಡಿಗೆ ಕೊಟ್ಟರು. ಮುಂದೆ ಅವನ ಜಾಗಕ್ಕೆ ಡ್ಯಾನಿ ಬರುತ್ತಾಳೆ. ನಾಯಕನನ್ನು ಹೆರುವವಳಲ್ಲ, ಅವಳೇ ನಾಯಕಿ ಅನ್ನುವ ತಿರುವು ನಿಜಕ್ಕೂ ಒಳ್ಳೆಯದು, ಆದರೆ ಅದು ಗೊತ್ತಾಗುವ ಹೊತ್ತಿಗೆ ಸಿನಿಮಾ ಅರ್ಧ ದಾಟಿರುತ್ತದೆ. ಅಲ್ಲಿವರೆಗೆ ಡ್ಯಾನಿಯಾದ ನಟಾಲಿಯಾ ರೇಯೆಸ್‌ಗೆ ಓಡುವ ಕೆಲಸವೇ ಜಾಸ್ತಿ. ನಾಯಕಿಯಾಗುವುದನ್ನು ನಮ್ಮ ಕಣ್ಣೆದುರಿಗೆ ಇನ್ನಷ್ಟು ಮಾಡಿಸಬೇಕಿತ್ತು.

ಶಿರಸಿ ಮಳೆ:
ಎಲ್ಲರಿಗೂ ಧನ್ಯವಾದ. ಅಕ್ಕ, ನನ್ನ ಸಿಟ್ಟು ಎಲ್ಲಿಯದು ಅಂತ ಈಗ ಗೊತ್ತಾಯಿತು. ಜಾನ್ ಸತ್ತದ್ದಕ್ಕಿಂತ ಅವನಿಗಾಗಿ ಅಳಲು ಪುರುಸೊತ್ತು ಕೊಡದ್ದು. ಕುಮಟಾ ಅಣ್ಣ ಹೇಳಿದ ಮೇಲೆ ಗ್ರೇಸ್‌ಗಾಗಿ ಇನ್ನೊಂದು ಸಲ ನೋಡುತ್ತೇನೆ. ಭಾನುವಾರ ತಮ್ಮ ಹುಬ್ಬಳ್ಳಿಯಿಂದ ಬರುತ್ತಾನೆ, ಅವನು ಒಂದನ್ನೂ ನೋಡಿಲ್ಲ. ಮೊದಲು 1984ರದು ಹಾಕುತ್ತೇನೆ, ಊಟ ಮುಗಿಸಿ ಎರಡನೆಯದು. ಟ್ರೈಲರ್ ಮಾತ್ರ ನೋಡಬೇಡ ಅಂತ ಈಗಲೇ ಫೋನ್ ಮಾಡಿ ಹೇಳಿದ್ದೇನೆ.